ಮಂತ್ರಿಸಿದ ಅಕ್ಕಿ

"ಉಗಿಯಮ್ಮ," ಎಂದರು ಅರ್ಚಕ ಕಸ್ತೂರಿರಂಗಾಚಾರ್ಯರು.

ಮಲ್ಲಿಗಮ್ಮ ಮುತ್ತುಗದ ಎಲೆಯ ಮೇಲೆ ಉಗಿದಳು. ಅಕ್ಕಿ ನುಚ್ಚಾಗಿತ್ತು, ಆದರೆ ಒಣಗೇ ಇತ್ತು. ಅವಳಿಗಿಂತ ಮುಂಚೆ ಅಗಿದ ನಾಲ್ವರ ಅಕ್ಕಿಯೂ ನೆಂದು ಹಿಟ್ಟಾಗಿ ಎಲೆಗೆ ಅಂಟಿಕೊಂಡಿತ್ತು. ಕದ್ದವರಿಗೆ ಹೆದರಿಕೆಯಲ್ಲಿ ಬಾಯಿ ಒಣಗುತ್ತದೆ, ಮಂತ್ರಿಸಿದ ಅಕ್ಕಿ ಅವರ ಬಾಯಲ್ಲಿ ನೆನೆಯುವುದಿಲ್ಲ ಎಂಬುದು ಕೊತ್ತತ್ತಿ ಊರಿಗೆಲ್ಲ ಗೊತ್ತಿದ್ದ ಮಾತು. ಅತ್ತೆ ಬೆಟ್ಟಮ್ಮ ಒಣ ಅಕ್ಕಿಯನ್ನು ಬೆರಳಿಂದ ಒತ್ತಿ ನೋಡಿ ಎದ್ದು ನಿಂತಳು.

"ಕಂಡ್ರೇನ್ರಪ್ಪಾ! ನನ್ ಕೆಂಪಿನೋಲೆ ಕದ್ದೋರು ಒರಗ್ನೋರಲ್ಲ, ನನ್ ಸೊಸೇನೇ! ಲೇ, ತಗಿಯೇ ಓಲೆಯ. ಇಲ್ದಿದ್ರೆ ಸಂಜೆ ಬಸ್ಸಿಗೆ ನಿಮ್ಮಪ್ಪನ ಮನೆ ಅಲಗೂರ್ಗೆ ಓಯ್ತಾ ಇರು. ಮೂರು ವರ್ಸಾಯ್ತು, ಒಂದು ಮಗೂನೂ ಇಲ್ಲ. ಇದೊಂದು ಬಾಕಿ ಇತ್ತು!"

ಮಲ್ಲಿಗಮ್ಮ ಆಚಾರ್ಯರ ಮುಖವನ್ನೇ ನೋಡುತ್ತ ನಿಂತಳು. ಅವರು ಮುಖ ತಿರುಗಿಸಿಕೊಂಡರು. ಅವಳ ಗಂಡ ಪುಟ್ಟಸ್ವಾಮಿ, ಗಂಡಸಂತೆ ಗಂಡಸು, ತಲೆ ಬಗ್ಗಿಸಿ ನೆಲ ಕೆರೆಯುತ್ತಿದ್ದ.

ಆಚಾರ್ಯರಿಗೆ ಈ ಪತ್ತೇದಾರಿಕೆ ತಲೆಗೆ ಹತ್ತಿದ್ದು ಆ ಹಾಳು ರೇಡಿಯೋದಿಂದ. ಪಂಚಾಯ್ತಿ ಕಟ್ಟೆಯ ರೇಡಿಯೋದಲ್ಲಿ ವಾರಕ್ಕೊಮ್ಮೆ ಒಂದು ನಾಟಕ ಬರುತ್ತಿತ್ತು. ಅದರಲ್ಲಿ ಒಬ್ಬ ಪುರೋಹಿತ. ಪೊಲೀಸರು ಕೈಚೆಲ್ಲಿದ ಕಳ್ಳತನ, ಕೊಲೆ ಎಲ್ಲವನ್ನೂ ಕೂತಲ್ಲೇ ಪತ್ತೆ ಮಾಡುವವನು. ನಾಟಕ ಕೇಳಿದ ಊರು ತನ್ನ ಅರ್ಚಕರ ಕಡೆ ತಿರುಗಿತು. ಅವರೂ ಅಕ್ಕಿ ಮಂತ್ರಿಸಿದರು. ಮೊದಲು ಒಂದು ಹಿತ್ತಾಳೆ ಕೊಳಗ ಸಿಕ್ಕಿತು, ಆಮೇಲೆ ಒಂದು ಮೇಕೆ. ನಲವತ್ತು ವರ್ಷ ಗಂಟೆ ಬಾರಿಸಿದರೂ ಸಿಗದ ಮರ್ಯಾದೆ ಎರಡು ಹಿಡಿ ಅಕ್ಕಿಗೆ ಸಿಕ್ಕರೆ ಯಾರು ತಾನೆ ಬಿಡುತ್ತಾರೆ?

ಸಂಜೆ ಆಚಾರ್ಯರು ನಾರಾಯಣಸ್ವಾಮಿ ಗುಡಿಯಲ್ಲಿ ದೀಪ ಹಚ್ಚುತ್ತಿದ್ದಾಗ ಮಲ್ಲಿಗಮ್ಮ ಬಟ್ಟೆಗಂಟು ಹಿಡಿದು ಬಂದಳು.

"ತೀರ್ಥ ಕೊಡಿ ಅಯ್ನೋರೆ."

"ಮೊದಲು ಅತ್ತೆ ಓಲೆ ಕೊಟ್ಟು ಬಾಮ್ಮ."

"ನಾ ತಕ್ಕೊಂಡಿಲ್ಲ. ಇವತ್ತು ಐದ್ನೇ ಸನಿವಾರ, ತೀರ್ಥ ಕುಡುದ್ರೆ ವರ್ತ ಮುಗೀತದೆ. ಬೆಳಗ್ಗಿಂದ ಬಾಯ್ಗೆ ಒಂದು ತೊಟ್ಟು ನೀರು ಬುಟ್ಟಿಲ್ಲ ಅಯ್ನೋರೆ."

ಆಚಾರ್ಯರು ದೀಪ ಬಿಟ್ಟು ಅವಳ ಕಡೆ ತಿರುಗಿದರು. ಮಕ್ಕಳಾಗಲೆಂದು ತಿಂಗಳ ಹಿಂದೆ ಈ ವ್ರತ ಹೇಳಿಕೊಟ್ಟವರು ಅವರೇ. ದೀಪ ಹಚ್ಚುವವರೆಗೆ ಹನಿ ನೀರೂ ಕೂಡದು, ಮನೆಯವರಿಗೂ ಹೇಳಕೂಡದು, ಹೇಳಿದರೆ ಫಲವಿಲ್ಲ ಎಂದವರೂ ಅವರೇ. ಹೇಳಿ ಮರೆತಿದ್ದರು. ದಿನಕ್ಕೆ ಎಷ್ಟು ಜನಕ್ಕೆ ಎಷ್ಟು ವ್ರತ!

"ಅಯ್ಯೋ, ಆಗಲೇ ಬಾಯಿಬಿಟ್ಟು ಹೇಳಬಾರದಿತ್ತೇನಮ್ಮ?"

"ಏಳ್ಬ್ಯಾಡ ಅಂದಿದ್ರಲ್ಲ. ನಿಮ್ಗೆ ಗೊತ್ತಲ್ಲ, ನೀವಾದ್ರೂ ಏಳ್ತೀರಿ ಅಂತ ನಿಮ್ಮ ಮಕಾನೇ ನೋಡ್ತಿದ್ದೆ." ಅವಳು ಬಲಗೈ ಗುಳಿ ಮಾಡಿ ಮುಂದೆ ಚಾಚಿದಳು.

"ಇಲ್ಲೇ ಇರು. ಈಗ ಬಂದೆ, ಇರು!" ಎಂದವರೇ ಆಚಾರ್ಯರು ಬರಿಗಾಲಲ್ಲಿ ಓಡಿದರು. ಅರವತ್ತು ದಾಟಿದ ದೇಹ, ಬೀದಿಯಲ್ಲಿ ಎರಡು ಕಡೆ ಎಡವಿತು. ಬೆಟ್ಟಮ್ಮನ ಅಂಗಳದಲ್ಲಿ ನಿಂತು ಏದುಸಿರು ಬಿಡುತ್ತ ಕೂಗಿದರು.

"ತಪ್ಪು ನಂದು ಬೆಟ್ಟಮ್ಮ! ನಿನ್ನ ಸೊಸೆ ಕಳ್ಳಿಯಲ್ಲ. ನಾನು ಹೇಳಿದ ಉಪವಾಸದಲ್ಲಿದ್ದಳು, ಅದಕ್ಕೇ ಬಾಯಿ ಒಣಗಿತ್ತು. ಅವಳನ್ನ ಕಳಿಸಬೇಡ!"

ಬೆಟ್ಟಮ್ಮ ಮೊರ ಕೆಳಗಿಟ್ಟು ಅವರನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಾಡಿತು.

"ನಿಮ್ದು ಎಂಥಾ ದೊಡ್ಡ ಮನ್ಸು ಅಯ್ನೋರೆ! ರೇಡಿಯೋದಾಗೂ ಇಂಗೇಯ. ಕಳ್ಳ ಸಿಕ್ಕುದ್ಮ್ಯಾಲೆ ಆ ಪುರೋಯ್ತರು ಅವ್ನ ಪರವಾಗೇ ಬೇಡ್ಕೋತಾರೆ. ಕಳ್ಳಿ ಮ್ಯಾಲೂ ಎಷ್ಟು ಕನಿಕರ ನಿಮ್ಗೆ!"

"ನಾಟಕವಲ್ಲ ಕಣಮ್ಮ ಇದು! ಒಂದು ಹೆಣ್ಣಿನ ಬಾಳು! ಪುಟ್ಟಸ್ವಾಮಿ, ನೀನಾದರೂ ನಂಬೋ!"

ಪುಟ್ಟಸ್ವಾಮಿ ಒಮ್ಮೆ ಅವ್ವನ ಮುಖ ನೋಡಿದ. ಮತ್ತೆ ತಲೆ ಬಗ್ಗಿಸಿದ. ಬೆಟ್ಟಮ್ಮ ಸೆರಗು ಹೊದ್ದು ಆಚಾರ್ಯರ ಕಾಲಿಗೆ ಬಿದ್ದಳು. ಆಗಲೇ ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಆಚಾರ್ಯರು ಕಾಲು ಬಿಡಿಸಿಕೊಂಡು ಮತ್ತೆ ಓಡಿದರು.

ಗುಡಿಯಲ್ಲಿ ಮಲ್ಲಿಗಮ್ಮ ಇರಲಿಲ್ಲ. ತೀರ್ಥದ ಬಟ್ಟಲು ಅವರು ಇಟ್ಟುಹೋದ ಕಡೆಯೇ ಇತ್ತು, ತುಂಬಿಕೊಂಡೇ ಇತ್ತು. ಗಾಬರಿಯಲ್ಲಿ ಅವಳಿಗೆ ಒಂದು ಉದ್ಧರಣೆ ತೀರ್ಥ ಕೊಟ್ಟು ಹೋಗುವಷ್ಟೂ ಬುದ್ಧಿ ಅವರಿಗೆ ಇರಲಿಲ್ಲ.

ಜಗಲಿಯ ಮೇಲೆ ಮೇಲುಬೀದಿಯ ಮರಿಸಿದ್ದಯ್ಯ ಕೂತಿದ್ದ.

"ಎಲ್ಲಯ್ಯಾ ಆ ಹುಡುಗಿ?"

"ಬಸ್ಸು ಬಂತು, ಒಂಟೋಯ್ತು. ವಸಿ ಒತ್ತು ಇಂಗೇ ಕೈ ಚಾಚ್ಕೊಂಡೇ ನಿಂತಿತ್ತು," ಎಂದು ಅವನು ತನ್ನ ಟವೆಲಿನ ಗಂಟು ಬಿಚ್ಚಿದ. "ನಮ್ಮನೇಲಿ ಒಂದು ಬೆಳ್ಳಿ ಉಡ್ದಾರ ಕಾಣ್ತಿಲ್ಲ. ಅಕ್ಕಿ ತಂದಿವ್ನಿ ಅಯ್ನೋರೆ."