ಐದು ನಿಮಿಷದ ನಡಿಗೆ

"ಆಟೋ ಯಾಕೆ? ಎದುರುಗಡೇನೇ ಇದೆಯಲ್ಲ ಮನೆ," ಎಂದರು ಪ್ರೊಫೆಸರು, ಚಪ್ಪಲಿ ಮೆಟ್ಟುತ್ತ. "ಐದು ನಿಮಿಷದ ನಡಿಗೆ."

ಹೆಂಡತಿ ಮಂಡಿಗೆ ಪಟ್ಟಿ ಬಿಗಿಯುತ್ತಿದ್ದಳು. ಅಗಲ ರಸ್ತೆಯಾಚೆ ಅವಳ ಅಕ್ಕನ ಮನೆ ಮುಂದೆ ಸಾಮಾನಿನ ಲಾರಿ ಹಾರ್ನ್ ಹೊಡೆಯುತ್ತಿತ್ತು. ಅಕ್ಕ ಮನೆ ಖಾಲಿ ಮಾಡಿ, ದೂರದೂರಿನ ಮಗಳ ಹತ್ತಿರ ಇರಲು ಹೊರಟಿದ್ದಳು.

"'ನೆರೆಹೊರೆ ಎಂದರೆ,'" ಅವಳು ಗಂಡನ ಪಾಠದ ದನಿ ತೆಗೆದಳು, ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಏರಿಸುತ್ತ, "'ಮನೆಯಿಂದ ಐದು ನಿಮಿಷದ ನಡಿಗೆಯೊಳಗಿನ ಪ್ರದೇಶ. ಪರಿಕಲ್ಪನೆ ಸ್ಪಷ್ಟವಾಗಿರಬೇಕು, ಮಕ್ಕಳೇ.' ನಡೀರಿ ಹಾಗಾದ್ರೆ, ಮೇಷ್ಟ್ರೇ. ಹೊರಡೋ ಮುಂಚೆ ಬರ್ತೀನಿ ಅಂದಿದ್ದೀನಿ ಅಕ್ಕಂಗೆ."

ಪ್ರೊಫೆಸರು ನಕ್ಕರು. ನಗರ ಯೋಜನೆಯ ಪುಸ್ತಕಕ್ಕೆ ಆ ವಾಕ್ಯ ಬರೆದಾಗ ಮನೆ ಮುಂದಿನ ಈ ರಸ್ತೆ ಬರೀ ಓಣಿ. ಹೆಂಡತಿ ಒಲೆ ಮೇಲೆ ಹಾಲಿಟ್ಟು ಅಕ್ಕನನ್ನು ಮಾತಾಡಿಸಿ ಬರುತ್ತಿದ್ದಳು. "ಯಾರ ನಡಿಗೆರೀ?" ಎಂದು ಕೇಳಿದ್ದಳು. "ಸರಾಸರಿ ಮನುಷ್ಯನದ್ದು." "ಅವನು ಯಾರ ಮನೆ ಅಳಿಯ?" ಇದನ್ನು ಹೇಳಿ ಕ್ಲಾಸಿನಲ್ಲಿ ಎಷ್ಟೋ ಸಲ ನಗಿಸಿದ್ದರು, ವಾಕ್ಯವನ್ನು ಮಾತ್ರ ತಿದ್ದಲಿಲ್ಲ. ಮುಂದೆ ರಸ್ತೆ ಅಗಲ ಮಾಡಿದವರು ಅದೇ ವಾಕ್ಯ ತೋರಿಸಿ, ಎರಡೂ ಬದಿ ಒಂದೇ ನೆರೆಹೊರೆ, ದಾಟಲು ಪಾದಚಾರಿ ಮೇಲ್ಸೇತುವೆ ಸಾಕು ಎಂದಾಗ ಪ್ರೊಫೆಸರು ತಲೆದೂಗಿದ್ದರು ಕೂಡ. ಅಂದಿನಿಂದ ಅಕ್ಕನ ಮನೆಗೆ ಅವಳು ಅಪರೂಪದ ನೆಂಟಳಾದಳು.

ಸೇತುವೆಯ ಲಿಫ್ಟಿಗೆ ಬೀಗ. ಪ್ರೊಫೆಸರು ಸರಸರ ಹತ್ತಿ ಮೇಲಿಂದ ಕರೆದರು, "ಬಾರೇ, ಇನ್ನೇನು ಬಂತು."

"ಸರಾಸರಿ ಮನುಷ್ಯ ಹೋಗಿಯಾಯ್ತು. ಉಳಿದವಳು ಬರ್ತಿದ್ದಾಳೆ," ಎಂದಳು ಅವಳು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು, ಏದುಸಿರು ಬಿಡುತ್ತ.

ಸೇತುವೆಯ ನಡುವಿಗೆ ಬರುವಷ್ಟರಲ್ಲಿ ಲಾರಿ ಹೊರಟಿತ್ತು. ಹಿಂದೆಯೇ ಕಾರು. ಕಿಟಕಿಯಲ್ಲಿ ಅಕ್ಕ ಕತ್ತು ಚಾಚಿ ತಂಗಿಯ ಮನೆ ಬಾಗಿಲನ್ನೇ ನೋಡುತ್ತಿದ್ದಳು, ಮೇಲೆ ನೋಡಲಿಲ್ಲ. ಐದು ನಿಮಿಷಕ್ಕೆ ಫೋನ್ ಯಾಕೆಂದು ಇವರು ಮನೆಯಲ್ಲೇ ಬಿಟ್ಟು ಬಂದಿದ್ದರು. ಕಾರು ತಂಗಿಯ ಕಾಲಡಿಯಲ್ಲೇ ಹಾದುಹೋಯಿತು.

"ಯಾರ ನಡಿಗೆ ಅಂತ ನೀನು ಅವತ್ತೇ ಕೇಳಿದ್ದೆ," ಎಂದರು ಪ್ರೊಫೆಸರು. ತಮ್ಮದೇ ಪಾಠದ ದನಿಯಲ್ಲಿ ಅವಳ ಉತ್ತರ ಬಂದೀತೆಂದು ಕಾದರು. ಅವಳು ಅಣಕಿಸಲಿಲ್ಲ. ಕಂಬಿ ಹಿಡಿದು ಬಂದ ದಾರಿಯಲ್ಲೇ ಇಳಿಯತೊಡಗಿದಳು.

ಈ ಸಲ ಅವಳ ಜೊತೆಗೇ ಇಳಿಯಬೇಕೆಂದುಕೊಂಡರು. ಅಷ್ಟು ನಿಧಾನ ನಡೆಯಲು ಅವರಿಗೆ ಬರಲಿಲ್ಲ. ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಮತ್ತೆ ಅವಳಿಗಿಂತ ಮುಂದಿದ್ದರು.