ಜಲಾಂತರ್ಗಾಮಿಯ ಬಿಳಿ ಇಲಿ

ಕೂಲಿಯಾಳು ಮಹಾಂತೇಶ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಹಳೆ ಸಗಣಿ ಎತ್ತಿಹಾಕಲು ಗೋಬರ್ ಗ್ಯಾಸ್ ಗುಂಡಿಗೆ ಒಂದು ಕಾಲು ಇಳಿಬಿಟ್ಟಿದ್ದ. ಶಾಲಿನಿ ಜಗಲಿಯಿಂದ ಓಡಿಬಂದು ಅವನ ರಟ್ಟೆ ಹಿಡಿದೆಳೆದಳು.

“ಇಳೀಬ್ಯಾಡ ಮಾಂತೇಶಣ್ಣ! ಒಳಗೆ ವಿಷಗಾಳಿ ಐತೆ.”

“ಕಾಯಿ ಒಡೆದು ಪೂಜೆ ಮಾಡೀನಿ, ಏನೂ ಆಗಲ್ಲ. ಇಳಿಯೋ,” ಎಂದ ಅವಳ ಅಪ್ಪ ಚೌಡಪ್ಪ. ವರ್ಷಗಟ್ಟಲೆ ಮುಚ್ಚಿದ್ದ ಗುಂಡಿ. ಪೂಜೆ ಮಾಡಿದ ಮಹಾನುಭಾವ ಮಾತ್ರ ಮೂಗಿಗೆ ಟವೆಲ್ ಹಿಡಿದು ದೂರ ನಿಂತಿದ್ದ. ಹಗ್ಗದ ಇನ್ನೊಂದು ತುದಿ ಮಹಾಂತೇಶನ ಹೆಂಡತಿ ರೋಜಾಳ ಕೈಯಲ್ಲಿತ್ತು.

ಶಾಲಿನಿಗೆ ಮೈಯೆಲ್ಲ ಉರಿಯಿತು. ನಾಳೆ ಶಿಕಾರಿಪುರದ ಕಾಲೇಜಿನಲ್ಲಿ ಮಾತಾಡಲು ಅವಳು ಬೆಳಗಿನಿಂದ ಓದುತ್ತಿದ್ದದ್ದು ಬ್ರಿಟಿಷ್ ನೌಕಾಪಡೆಯ ಹಳೆಯ ಜಲಾಂತರ್ಗಾಮಿಯ ಚರಿತ್ರೆ.

“ನೂರಿಪ್ಪತ್ತು ವರ್ಷದ ಹಿಂದಿನ ಮಾತಪ್ಪ ಇದು! ನೀರೊಳಗೆ ಮುಳುಗೋ ಹಡಗು, ಪೆಟ್ರೋಲ್ ಇಂಜಿನ್ನು. ಆವಿ ಸೋರಿದ್ರೆ ಒಳಗಿದ್ದೋರ ಜೀವಕ್ಕೇ ಸಂಚಕಾರ. ದೀಪ ಹಚ್ಚಿ ನೋಡಾಣ ಅಂದ್ರೆ ಹಡಗೇ ಹತ್ಕೊಂತಿತ್ತು. ಅದಕ್ಕೆ ಬಿಳಿ ಇಲಿ ಸಾಕ್ಕೊಂಡಿದ್ರು. ವಿಷಗಾಳಿ ಮೊದ್ಲು ತಾಗೋದು ಇಲಿಗೆ. ಅದು ಬಿತ್ತು ಅಂದ್ರೆ ಹಡಗು ಮೇಲಕ್ಕೆ ತರ್ತಿದ್ರು. ಯುದ್ಧಕ್ಕೆ ಹೋಗೋರಿಗೇ ಅಷ್ಟು ಭಯ ಇತ್ತು. ನಿಂಗೆ ಒಂಚೂರಾದ್ರೂ ಬ್ಯಾಡ್ವ?”

“ಅವ್ರ ಹಡಗು ಅವ್ರಿಗೆ. ನಾನೆಲ್ಲಿಂದ ಬಿಳಿ ಇಲಿ ತರ್ಲಿ? ಬಿಸಿಲೇರ್ತೈತೆ, ಇಳಿಯೋ!”

ಮಹಾಂತೇಶ ರೋಜಾಳ ಮುಖ ನೋಡಿದ. ಬೇಡವೆನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಶಾಲಿನಿ ಹಿತ್ತಲಿಗೆ ಹೋಗಿ ಕೆಂಪು ಹುಂಜವನ್ನು ಬುಟ್ಟಿಯಲ್ಲಿ ಹೊತ್ತು ತಂದಳು.

“ಏಯ್, ಅದು ಮಾರೆಮ್ಮನ ಹರಕೇದು, ಮುಟ್ಟಬ್ಯಾಡ!” ಎಂದು ಚೌಡಪ್ಪ ಅರಚುವಷ್ಟರಲ್ಲಿ ಬಾವಿಯ ಹಗ್ಗ ಕಟ್ಟಿ ಬುಟ್ಟಿಯನ್ನು ಇಳಿಬಿಟ್ಟಾಗಿತ್ತು. ಹುಂಜ ರೆಕ್ಕೆ ಬಡಿಯಿತು, ಬುಟ್ಟಿಯಿಂದ ಹಾರಿ ತಳದ ಸಗಣಿಯ ಮೇಲೆ ಬಿತ್ತು. ಕೊರಳೆತ್ತಲು ನೋಡಿತು. ಆಮೇಲೆ ಅಲುಗಲಿಲ್ಲ.

ಕಲ್ಲಿಗಾದರೂ ಇಷ್ಟು ಹೊತ್ತಿಗೆ ಬುದ್ಧಿ ಬರುತ್ತಿತ್ತು. ಚೌಡಪ್ಪ ಬಗ್ಗಿ ನೋಡಿ ಮಹಾಂತೇಶನ ಮೇಲೆ ಹರಿಹಾಯ್ದ.

“ಕಣ್ ಕಣ್ ಬಿಟ್ಕೊಂಡು ನಿಂತ್ಯಲ್ಲೋ! ದೇವ್ರ ಹುಂಜ ಕಣೋ ಅದು! ಬ್ಯಾಗ ಇಳಿದು ಎತ್ತೋ!”

ರೋಜಾ ಗಂಡನ ಸೊಂಟದ ಹಗ್ಗ ಬಿಚ್ಚಿದಳು. ಬಿಚ್ಚಿದ ತುದಿಯನ್ನು ಚೌಡಪ್ಪನ ಮುಂದೆ ಹಿಡಿದಳು.

“ನೀವೇ ಇಳೀರಿ, ಯಜಮಾನ್ರೆ. ನಾನು ಹಗ್ಗ ಹಿಡ್ಕಂತೀನಿ.”