ಅಳಿಯನ ಕುರ್ಚಿ

ಕೆಂಪು ತಂಡ ಗೋಲು ಹೊಡೆದ ಕ್ಷಣದಲ್ಲೇ ಹಲ್ಲಿನ ಡಾಕ್ಟರನ ಎಡ ಮೊಣಕಾಲು ಒಂದು ಗೇಣು ಮೇಲೆದ್ದಿತು. ಎರಡೂ ಕೈಯಿಂದ ಅದುಮಿ ಕೆಳಗಿಳಿಸಿದ. ಕೌಂಟರಿನ ಹಿಂದೆ ನಿಂತಿದ್ದ ಬಾರಿನ ಯಜಮಾನರು ಅಷ್ಟರಲ್ಲೇ ನೋಡಿಬಿಟ್ಟಿದ್ದರು.

"ಅಯ್ಯಯ್ಯೋ!" ಎಂದು ಡಾಕ್ಟರ್ ತಲೆಯ ಮೇಲೆ ಕೈಹೊತ್ತು ಕುಳಿತ. ಹದಿನೈದು ದಿನ ಅವನಿಗೆ ಈ ಗೋಳಾಟವನ್ನು ಅಭ್ಯಾಸ ಮಾಡಿಸಿದವಳು ಯಜಮಾನರ ಮಗಳೇ. ಬಿಯರ್ ಮಗ್ಗು ಒರೆಸುತ್ತಿದ್ದವಳು, ಸ್ವಲ್ಪ ಅತಿಯಾಯಿತು ಎಂಬಂತೆ ಕಣ್ಣಲ್ಲೇ ಗದರಿದಳು.

ಆ ಬಾರಿನಲ್ಲಿ ಎಲ್ಲವೂ ಹಸಿರು. ನೆಲದ ಹಾಸು ಹಸಿರು, ಅದರ ಮೇಲೆ ಫುಟ್‌ಬಾಲ್ ಮೈದಾನದಂತೆ ಬಿಳಿ ಗೆರೆ. ಮೇಜು ಹಸಿರು, ಗೋಡೆ ತುಂಬ ಹಸಿರು ತಂಡದ ನಲವತ್ತು ವರ್ಷದ ಫೋಟೋಗಳು. ಕೆಂಪು ಬಣ್ಣ ಇದ್ದದ್ದು ಶೌಚಾಲಯದ ಬಾಗಿಲಿಗೆ ಮಾತ್ರ. ಬಾರು ಕಟ್ಟಿಸಿದವರು ಯಜಮಾನರ ಮಾವ. ಬಣ್ಣ ಆರಿಸಿದವರೂ ಅವರೇ.

ಮಾವ ಒಂದು ಕಟ್ಟಳೆಯನ್ನೂ ಮಾಡಿಟ್ಟು ಹೋಗಿದ್ದರು. ಈ ಮನೆಯ ಹೆಣ್ಣು ಕೇಳಿ ಬಂದವನು ಹಸಿರು-ಕೆಂಪು ಪಂದ್ಯದ ದಿನ ದೊಡ್ಡ ಟಿ.ವಿ. ಎದುರಿನ ಕುರ್ಚಿಯಲ್ಲಿ ಕೂರಬೇಕು. ಜನ ಟಿ.ವಿ. ನೋಡುತ್ತಾರೆ, ಮನೆಯ ಹಿರಿಯ ಅವನನ್ನು ನೋಡುತ್ತಾನೆ. ಪಂದ್ಯ ಮುಗಿಯುವ ಹೊತ್ತಿಗೆ ತೀರ್ಪು. ಕಳ್ಳನನ್ನಾದರೂ ತಿದ್ದಬಹುದು, ಕೆಂಪಿನವನನ್ನು ತಿದ್ದಲಾಗದು ಎಂಬುದು ಆ ಬೀದಿಯ ಮಾತು.

ಡಾಕ್ಟರ್ ಹುಟ್ಟಾ ಕೆಂಪಿನವನು. ಆದರೆ ಬುದ್ಧಿ ಹಲ್ಲು ಕೀಳಿಸಿಕೊಳ್ಳಲು ಬಂದ ಈ ಹುಡುಗಿ ಅವನ ಬುದ್ಧಿಯನ್ನೇ ಕಿತ್ತುಕೊಂಡು ಹೋಗಿದ್ದಳು. ಅವಳಿಲ್ಲದೆ ತನಗೆ ಬಾಳಿಲ್ಲ ಎಂಬುದು ಖಾತ್ರಿಯಾದ ಮೇಲೆ ಹಸಿರು ಅಂಗಿ ಕೊಂಡಿದ್ದ. ದಿನವಿಡೀ ಊರವರಿಗೆ ಬಾಯಿ ತೆಗೆಯಿರಿ ಎನ್ನುವವನು ಇಂದು ತೊಂಬತ್ತು ನಿಮಿಷ ತನ್ನ ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಯಜಮಾನರು ಟವೆಲನ್ನು ಹೆಗಲಿಗೆ ಎಸೆದುಕೊಂಡು ಹಿಂದಿನ ಉಗ್ರಾಣಕ್ಕೆ ನಡೆದರು. ಒಳಗಿನಿಂದ ಚಿಲಕ ಬಿತ್ತು. ಆಮೇಲೆ ಖಾಲಿ ಪೆಟ್ಟಿಗೆಗಳು ಧಡ್ ಧಡ್ ಎನ್ನತೊಡಗಿದವು.

"ಏನದು?" ಡಾಕ್ಟರ್ ಬೆಚ್ಚಿದ.

"ಪಾಪ, ತಡ್ಕೊಳ್ಳೋಕಾಗಲ್ಲ ಅವ್ರಿಗೆ," ಎಂದ ಪಕ್ಕದಲ್ಲಿದ್ದ ಬೇಕರಿಯಣ್ಣ, ಕಡಲೆಕಾಯಿ ಬಾಯಿಗೆ ಹಾಕಿಕೊಳ್ಳುತ್ತಾ. "ಕೆಂಪಿನೋರು ಗೋಲು ಹೊಡೆದ್ರೆ ಸಾಕು, ಒಳಗೆ ಹೋಗಿ ಸಂಕಟ ತೀರಿಸ್ಕೊಂಡು ಬರ್ತಾರೆ. ಇವ್ರ ಮಾವ ಇವ್ರನ್ನೂ ಇದೇ ಕುರ್ಚೀಲಿ ಕೂರಿಸಿದ್ರು. ಒಂದೇ ಸಲಕ್ಕೆ ಪಾಸು! ಅಂಥ ಅಭಿಮಾನಿ. ಅವ್ರ ಕಣ್ಣು ತಪ್ಪಿಸೋಕಾಗಲ್ಲ ಬಿಡಿ, ಕೆಂಪಿನೋನು ಕೂತ ಭಂಗಿ ನೋಡೇ ಕಂಡುಹಿಡೀತಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಡಾಕ್ಟರ್ ತಾನು ಕೂತ ಭಂಗಿಯನ್ನು ಬದಲಿಸಿದ.

ಯಜಮಾನರು ಹೊರಬಂದಾಗ ಏದುಸಿರು ಬಿಡುತ್ತಿದ್ದರು. ಮುಖವೆಲ್ಲ ಬೆವರು, ಕಣ್ಣು ಒದ್ದೆ. ಇಷ್ಟು ನೋಯುವ ಮನುಷ್ಯನಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ಡಾಕ್ಟರನಿಗೆ ನಿಜಕ್ಕೂ ಕೆಡುಕೆನಿಸಿತು.

ವಿರಾಮದ ನಂತರ ಹಸಿರು ತಂಡ ಸಮ ಮಾಡಿತು. ಬಾರು ಎದ್ದು ಕುಣಿಯಿತು. ಬೇಕರಿಯಣ್ಣ ಸಿಕ್ಕವರನ್ನೆಲ್ಲ ತಬ್ಬಿಕೊಂಡ. ಅರ್ಧ ಮಗ್ಗು ಬಿಯರ್ ಡಾಕ್ಟರನ ಮಡಿಲಿಗೆ ಬಿತ್ತು. ಡಾಕ್ಟರನೂ ಕೂಗಿದ, ಎಲ್ಲರಿಗಿಂತ ಅರೆಗಳಿಗೆ ತಡವಾಗಿ. ಯಜಮಾನರು ಮಾತ್ರ ಮುಖದ ಗೆರೆ ಅಲುಗದಂತೆ ಕೌಂಟರಿನ ಗಂಟೆಯನ್ನು ಒಮ್ಮೆ ಬಾರಿಸಿ, ನೇರ ಅವನ ಬಳಿ ಬಂದರು.

"ಏನ್ ಡಾಕ್ಟ್ರೇ, ಗೋಲು ನಮ್ದು. ಹಲ್ಲು ಕೀಳಿಸ್ಕೊಂಡೋರ ಥರ ನಗ್ತಿದೀರಲ್ಲ?"

"ಖುಷಿ ಜಾಸ್ತಿ ಆದ್ರೆ ನಂಗೆ ಹೀಗೇ ಆಗುತ್ತೆ ಸರ್."

"ಗೊತ್ತು," ಎಂದರು ಯಜಮಾನರು. "ನಂಗೂ ಹಾಗೇ."

ಕೊನೆಯ ನಿಮಿಷ. ಕೆಂಪು ತಂಡದವನೊಬ್ಬ ಮೂವರನ್ನು ದಾಟಿ ಚೆಂಡನ್ನು ಬಲೆಯ ಮೂಲೆಗೆ ನುಗ್ಗಿಸಿದ. ಡಾಕ್ಟರ್ ಕುರ್ಚಿಯಿಂದ ಚಿಮ್ಮಿದ, ಮುಷ್ಟಿ ಮೇಲೆ ಹೋಯಿತು, ಗಂಟಲಿನಿಂದ "ಹೋ!" ಹೊರಟೇಬಿಟ್ಟಿತು.

ಬಾರಿಗೆ ಬಾರೇ ಸ್ತಬ್ಧ.

"...ಯ್ತಲ್ಲಪ್ಪಾ," ಎಂದು ಅವನು ಸೇರಿಸಿದ. ಮುಷ್ಟಿ ಇನ್ನೂ ಗಾಳಿಯಲ್ಲೇ ಇತ್ತು. ಜನ ನಂಬಿದರೋ ಇಲ್ಲವೋ, ಯಜಮಾನರು ಮಾತ್ರ ಕೌಂಟರಿನಿಂದ ಹೊರಬಂದು ಅವನ ತೋಳು ಹಿಡಿದರು.

"ಉಗ್ರಾಣಕ್ಕೆ ಬನ್ನಿ. ಸ್ವಲ್ಪ ಮಾತಾಡೋದಿದೆ."

"ಅಪ್ಪಾ, ಬೇಡಪ್ಪಾ! ಎಲ್ಲಾ ನಂದೇ ತಪ್ಪು!" ಮಗಳು ಓಡಿಬಂದಳು.

"ನೀನು ಗಿರಾಕಿಗಳ್ನ ನೋಡ್ಕೋ."

"ಮುಗೀತು ಕಥೆ," ಎಂದು ಬೇಕರಿಯಣ್ಣ ನಿಟ್ಟುಸಿರಿಟ್ಟ.

ಉಗ್ರಾಣದಲ್ಲಿ ಪೆಟ್ಟಿಗೆಗಳ ನಡುವೆ ಇಬ್ಬರು ನಿಲ್ಲುವಷ್ಟೇ ಜಾಗ. ಯಜಮಾನರು ಚಿಲಕ ಹಾಕಿದರು. ಡಾಕ್ಟರನಿಗೆ ಇನ್ನು ಸುಳ್ಳು ಬೇಡವೆನಿಸಿತು.

"ನಾನು ಕೆಂಪಿನೋನೇ ಸರ್. ಚಿಕ್ಕೋನಿದ್ದಾಗ ಅಪ್ಪ ಹೆಗಲ ಮೇಲೆ ಕೂರಿಸ್ಕೊಂಡು ಮೈದಾನಕ್ಕೆ ಕರ್ಕೊಂಡು ಹೋಗ್ತಿದ್ರು. ಅಂಗಿ ಬದಲಾಯ್ಸಿದೆ, ಇದನ್ನ ಬದಲಾಯ್ಸೋಕಾಗ್ಲಿಲ್ಲ. ಆದ್ರೆ ನಿಮ್ಮ ಮಗಳ ಮೇಲಿರೋ ಪ್ರೀತಿ ಸುಳ್ಳಲ್ಲ. ಬೈಯೋದಿದ್ರೆ ನನ್ನ ಬೈರಿ, ಅವಳ್ನಲ್ಲ."

ಯಜಮಾನರು ನಿಧಾನವಾಗಿ ಅಂಗಿಯ ಒಂದು ತೋಳು ಮಡಚಿದರು, ಇನ್ನೊಂದನ್ನೂ ಮಡಚಿದರು. ಡಾಕ್ಟರ್ ತನ್ನ ಮುಂದಿನ ಎರಡು ಹಲ್ಲುಗಳನ್ನು ನೆನೆದು ಕಣ್ಣು ಮುಚ್ಚಿಕೊಂಡ.

"ಇಪ್ಪತ್ತಾರು ವರ್ಷದಿಂದ ಇಲ್ಲಿ ಒಬ್ನೇ ಕುಣಿದೂ ಕುಣಿದೂ ಸಾಕಾಗಿತ್ತು ಅಳಿಯಂದ್ರೇ," ಯಜಮಾನರು ಅವನ ಎರಡೂ ಕೈ ಹಿಡಿದು ಪಿಸುಗುಟ್ಟಿದರು, "ಕುಣೀರಿ, ಆದ್ರೆ ಪೆಟ್ಟಿಗೇನ ಜೋರಾಗಿ ಒದೀತಾ ಇರಿ, ಹೊರಗಿನೋರಿಗೆ ನಗು ಕೇಳಿಸ್ಬಾರ್ದು!"